ಅತ್ತೆಗೊಂದು ಪೈ, ಬಿಳಿ ಬಟ್ಟೆ ಸಮೇತ

“ಈ ಸಲ ನಿಮ್ಮಮ್ಮ ನನ್ನ ಕೈಯಿಂದ ತಿನ್ನದೇ ಹೋದ್ರೆ, ನನ್ನನ್ನ ನನ್ನದೇ ಫ್ರೀಜರಲ್ಲಿ ಮಲಗಿಸಿ ಬಾಗಿಲು ಹಾಕ್ಕೊಂಡು ಬಾ.”

ರಜೆಯ ದಿನ ಬೆಳಬೆಳಗ್ಗೆ, ಹೆಂಡತಿಯ ಏಪ್ರನ್ನಿಗೆ ತನ್ನ ಹೊಟ್ಟೆಯನ್ನು ಒಗ್ಗಿಸುತ್ತಾ ಅಳಿಯ ಹೀಗೆ ಪ್ರತಿಜ್ಞೆ ಮಾಡಿದ. ಬೇರೆ ಯಾರಾದರೂ ಆಡಿದ್ದರೆ ಇದು ಬರೀ ಮಾತಾಗಿರುತ್ತಿತ್ತು. ಇವನಿಗೆ ನಿಜವಾಗಿಯೂ ಅಂಥದ್ದೊಂದು ಫ್ರೀಜರ್ ಇತ್ತು, ಅದರ ಬೀಗದಕೈ ಸದಾ ಸೊಂಟದಲ್ಲಿರುತ್ತಿತ್ತು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಶವಾಗಾರಕ್ಕೆ ಅವನೇ ಮೇಲ್ವಿಚಾರಕ. ಹಗಲು ಅಳಿದವರನ್ನು ಕಾಯುವವನು, ಸಂಜೆ ಅತ್ತೆಯ ಮನೆಗೆ ಹೋದರೆ ಅಳಿಯ. ಎರಡೂ ಕಡೆ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ.

“ಫ್ರೀಜರ್ ಗೀಜರ್ ಅಂತ ಅಲ್ಲಿ ಬಾಯಿ ಬಿಡಬೇಡಿ,” ಎಂದಳು ಹೆಂಡತಿ. “ನಿಮ್ಮ ಕೆಲಸದ ಒಂದು ಮಾತೂ ಬೇಡ. ಹವೆ ಬಗ್ಗೆ ಮಾತಾಡಿ ಸಾಕು.”

“ಹವೆ ಅಂದ್ರೆ ಚಳಿ ಬರತ್ತೆ ಕಣೇ. ಚಳಿ ಅಂದ್ರೆ ನಮ್ಮ ರೂಮು ಬರತ್ತೆ.”

“ಹಾಗಾದ್ರೆ ಬಾಯೇ ಬಿಡಬೇಡಿ.”

ವಿಷಯ ಇಷ್ಟು. ಹೋದ ವರ್ಷ ಮಾವ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದರು. ಜೇಬಿನಲ್ಲಿ ಗುರುತಿನ ಚೀಟಿ ಇರಲಿಲ್ಲವಾದ್ದರಿಂದ ‘ಯಾರೋ ಒಬ್ಬರು’ ಎಂದು ಬರೆಸಿಕೊಂಡೇ ನೆಲಮಾಳಿಗೆಗೆ ಇಳಿದರು. ಬಟ್ಟೆ ಸರಿಸಿದ ಅಳಿಯನಿಗೆ ಆ ಯಾರೋ ಯಾರೆಂದು ತಕ್ಷಣ ಗೊತ್ತಾಯಿತು. ಆದರೆ ಡ್ಯೂಟಿಯಲ್ಲಿರುವವನ ಗುರುತು ನಡೆಯುವುದಿಲ್ಲ; ಮನೆಯಿಂದ ಬಂದವರೇ ಮುಖ ನೋಡಿ ಹೌದು ಅನ್ನಬೇಕು. ಎಲ್ಲರಿಗಿಂತ ಮೊದಲು ಓಡಿಬಂದವರು ಅತ್ತೆ. ನೋಡಿದರು, ಹೌದು ಅಂದರು, ಸಹಿ ಹಾಕಿ ಹೊರಟುಹೋದರು. ಹೆಸರಲ್ಲೇ ಅಳು ಇಟ್ಟುಕೊಂಡ ಅತ್ತೆ ಅವತ್ತು ಅಳಲಿಲ್ಲ. ಆಮೇಲೆಯೂ ಯಾರೂ ನೋಡಿದ್ದಿಲ್ಲ.

ಅಂದಿನಿಂದ ಅತ್ತೆ ಅಳಿಯನ ಕೈಯಿಂದ ಏನನ್ನೂ ತೆಗೆದುಕೊಂಡಿಲ್ಲ. ಅವನು ಚಹಾ ಕೊಟ್ಟರೆ ಅದು ಮಗಳ ಕೈ ಸೇರಿ, ಸುತ್ತು ಹಾಕಿ, ಆರಿದ ಮೇಲೆ ಅವರನ್ನು ತಲುಪಬೇಕು. ಮಾತೂ ಅದೇ ದಾರಿ. “ಅವರಿಗೆ ಹೇಳು, ಕೊಡೆ ಮರೆತು ಹೋಗ್ತಿದಾರೆ,” ಎಂದು ಎದುರಿಗೇ ನಿಂತವನ ಬಗ್ಗೆ ಮಗಳಿಗೆ ಹೇಳುತ್ತಿದ್ದರು.

ಇದೆಲ್ಲ ತನ್ನ ಕೈಯ ದೆಸೆಯಿಂದ ಎಂದು ಅಳಿಯ ತೀರ್ಮಾನಿಸಿದ್ದ. ಹೆಣ ಮುಟ್ಟಿದ ಕೈ. ಆದ್ದರಿಂದ ಅತ್ತೆಯ ಮನೆಗೆ ಹೋದಾಗಲೆಲ್ಲ ಚಪ್ಪಲಿ ಬಿಟ್ಟವನೇ ನಲ್ಲಿಯ ಹತ್ತಿರ ಓಡುತ್ತಿದ್ದ. ಸೋಪು, ನಿಂಬೆ ಸಿಪ್ಪೆ, ಬ್ರಷ್ಷು. ಕೈಯ ಗೆರೆಗಳು ಎಷ್ಟು ಸವೆದಿದ್ದವೆಂದರೆ ಭವಿಷ್ಯ ಹೇಳುವವನು ನೋಡಿದರೂ ಕೈಚೆಲ್ಲಬೇಕಿತ್ತು.

ಪೈ ಮಾಡುವ ಯೋಚನೆ ಬಂದದ್ದೂ ಮಾವನಿಂದಲೇ. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾವ ವರ್ಷಕ್ಕೊಮ್ಮೆ, ಎಲ್ಲರೂ ಸೇರುವ ಈ ರಜೆಗೆಂದೇ, ಒಂದು ಒರಟು ಪೈ ಮಾಡುತ್ತಿದ್ದರು. ಅಚ್ಚಿಲ್ಲ, ಅಲಂಕಾರವಿಲ್ಲ. ಹಿಟ್ಟನ್ನು ದುಂಡಗೆ ಲಟ್ಟಿಸಿ, ನಡುವೆ ಸೇಬು ಪ್ಲಮ್ ಹಣ್ಣುಗಳನ್ನು ಗುಡ್ಡೆ ಹಾಕಿ, ಅಂಚನ್ನು ಸುತ್ತಲೂ ಒಳಕ್ಕೆ ಮಡಚಿ ಓವನ್ನಿಗೆ ನೂಕುವುದು. ಅವರಿಲ್ಲದ ಮೊದಲ ರಜೆ ಇದು. ಪೈಯ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ವಿಮೆ ಏಜೆಂಟನಾದ ಬಾಮೈದ ಬುದ್ಧಿವಂತಿಕೆಯಿಂದ ಅಂಗಡಿಯ ಕೇಕಿಗೆ ಹೇಳಿಟ್ಟಿದ್ದ. ಅಳಿಯನಿಗೆ ಅದು ಗೊತ್ತಾದ ಕ್ಷಣದಿಂದ ನಿಜವಾದ ಪೈಪೋಟಿ ಶುರುವಾಯಿತು.

ಹಿಟ್ಟು ತಣ್ಣಗಿರಬೇಕು ಎಂದು ಓದಿದಾಗ ಅಳಿಯ ಹಿರಿಹಿರಿ ಹಿಗ್ಗಿದ. ತಣ್ಣಗಿಡುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಯಾರು? ಆದರೆ ಮನೆಯ ಫ್ರಿಜ್ಜಿನಲ್ಲಿ ರಜೆಯ ಸಾಮಾನು ತುಂಬಿ ಒಂದು ಮೊಟ್ಟೆಗೂ ಜಾಗವಿರಲಿಲ್ಲ. ಅವನು ಹಿಟ್ಟಿನ ಪಾತ್ರೆ ಎತ್ತಿಕೊಂಡು ಬಾಗಿಲ ಕಡೆ ಹೊರಟಿದ್ದೇ ತಡ, ಹೆಂಡತಿ ಅಡ್ಡ ನಿಂತಳು.

“ಎಲ್ಲಿಗೆ?”

“ಬಾಲ್ಕನಿಗೆ ಕಣೇ.”

“ಆಸ್ಪತ್ರೆ ಕಡೆ ತಿರುಗಿದ್ರೆ ನೋಡಿ.”

ಬಾಲ್ಕನಿಯಲ್ಲಿ ಹಿಟ್ಟು ತಣ್ಣಗಾಗುವ ಮೊದಲೇ ಬಿಸಿಲು ಬಂತು. ಹಿಟ್ಟು ಬೆವರಿ, ಮೆತ್ತಗಾಗಿ, ಜೀವ ಬಿಟ್ಟ ಹಾಗೆ ಪಾತ್ರೆಯಲ್ಲಿ ಒರಗಿತು. ದುಂಡನೆಯ ತಟ್ಟೆಯಲ್ಲಿ ಆಗಲೇ ಹೆಂಡತಿಯ ಆಲೂಗೆಡ್ಡೆಗಳು ಬಿಡಾರ ಹೂಡಿದ್ದವು. ಉಳಿದದ್ದು ಓವನ್ನಿನ ಜೊತೆ ಬಂದ ಉದ್ದನೆಯ ತಟ್ಟೆ. ಪೈಯೂ ಉದ್ದಕ್ಕೆ ಎಳೆಯಬೇಕಾಯಿತು. ಎಳೆದಾಗ ಮೆತ್ತನೆಯ ಹಿಟ್ಟು ನಟ್ಟನಡುವೆ, ಕುತ್ತಿಗೆಯಿಂದ ಹೊಕ್ಕುಳಿನವರೆಗೆ ಎನ್ನುವ ಹಾಗೆ, ಸೀಳಿಕೊಂಡಿತು.

ಅಳಿಯ ಗಾಬರಿಯಾಗಲಿಲ್ಲ. ಇಂಥ ಸೀಳುಗಳನ್ನು ಡಾಕ್ಟರು ಹೇಗೆ ಮುಚ್ಚುತ್ತಾರೆಂದು ಅವನು ಪಕ್ಕದಲ್ಲೇ ನಿಂತು ನೋಡಿದ್ದ. ಉಳಿದ ಹಿಟ್ಟನ್ನು ದಾರದಂತೆ ಹೊಸೆದು, ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ, ನಿಗಾ ಇಟ್ಟು ಹೊಲಿದ. ಓವನ್ನಿನಿಂದ ಹೊರಬಂದಾಗ ಹೊಲಿಗೆ ಹಾಗೇ ನಿಂತಿತ್ತು. ಅದರ ಸಂದಿಯಿಂದ ಮಾತ್ರ ಪ್ಲಮ್ ಹಣ್ಣಿನ ಕೆಂಪು ರಸ ಒಸರುತ್ತಿತ್ತು. ಒರೆಸಿದಷ್ಟೂ ಬಂತು. ಇದನ್ನು ಹೆಂಡತಿ ನೋಡಿದರೆ ಮನೆಯಲ್ಲೇ ಉಳಿಯಬೇಕಾದೀತೆಂದು ಅವನು ಬೀರುವಿನಿಂದ ಒಂದು ಬಿಳಿ ಬಟ್ಟೆ ತೆಗೆದು ಪೂರ್ತಿ ಮುಚ್ಚಿಬಿಟ್ಟ. ನಾಲ್ಕು ಮೂಲೆಯನ್ನೂ ಒಳಕ್ಕೆ ಸೇರಿಸಿ, ಸುಕ್ಕಿಲ್ಲದ ಹಾಗೆ. ಮುಚ್ಚುವುದೊಂದು ಅವನಿಗೆ ಸೊಗಸಾಗಿ ಬರುತ್ತಿತ್ತು.

ಬಸ್ಸಿನಲ್ಲಿ ಅವನು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ಬಟ್ಟೆಯ ನಡುವೆ ಒಂದೊಂದೇ ಕೆಂಪು ಚುಕ್ಕೆ ಮೂಡತೊಡಗಿತು. ಎದುರಿನ ಸೀಟಿನ ಮುದುಕರು ಅದನ್ನೇ ನೋಡುತ್ತಾ ಇದ್ದು, ಟೋಪಿ ತೆಗೆದು ಎದೆಗೆ ಹಿಡಿದು, ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು. ಎಂಥ ಸಂಭಾವಿತರು ಎಂದುಕೊಂಡ ಅಳಿಯ. ಹೆಂಡತಿ ಆಲೂಗೆಡ್ಡೆಗಳ ಸಮೇತ ಹಿಂದಿನ ಸೀಟಿನಲ್ಲಿದ್ದಳು. ಅವಳಿಗೆ ಏನೂ ಕಾಣಲಿಲ್ಲ.

ಅತ್ತೆಯ ಮನೆಯಲ್ಲಿ ಕಿಟಕಿಯ ಪಕ್ಕದ ಮೇಜಿಗೆ ಎಲ್ಲರೂ ತಂದದ್ದನ್ನು ಜೋಡಿಸಿದ್ದರು. ಮಾವನ ಕುರ್ಚಿ ಖಾಲಿ ಇತ್ತು. ಊಟ ಹೇಗೋ ಮುಗಿಯಿತು. ಹೆಂಡತಿ ಹೇಳಿದ ಹಾಗೇ ಅಳಿಯ ಬಾಯಿ ಬಿಡಲಿಲ್ಲ. ಬಾಮೈದ ಕೇಕಿನ ಪೆಟ್ಟಿಗೆಯ ದಾರ ಬಿಚ್ಚಲು ಹೊರಟಾಗ, ಅಳಿಯನ ಹೆಂಡತಿ ಅವನಿಗಿಂತ ಮೊದಲೇ ಹೇಳಿಬಿಟ್ಟಳು: “ಅಮ್ಮ, ಇವರು ಅಪ್ಪನ ಪೈ ಮಾಡಿ ತಂದಿದಾರೆ.”

ಎಲ್ಲರೂ ಮೇಜಿನ ಸುತ್ತ ಬಂದು ನಿಂತರು. ಅತ್ತೆ ಕೊನೆಯಲ್ಲಿ ಬಂದರು.

ಆಮೇಲೆ ನಡೆದದ್ದಕ್ಕೆ ಅಳಿಯನನ್ನು ಪೂರ್ತಿ ದೂರುವ ಹಾಗಿಲ್ಲ. ಮುಂದೆ ಉದ್ದನೆಯ ಬಿಳಿ ಬಟ್ಟೆ. ಸುತ್ತ ಮಾತಿಲ್ಲದೆ ನಿಂತ ಒಂದು ಕುಟುಂಬ. ಇಷ್ಟು ಕಂಡರೆ ಸಾಕು, ಅವನ ಕೈಗೆ ಬೇರೆ ಅಪ್ಪಣೆ ಬೇಕಿರಲಿಲ್ಲ. ಅವನು ಮೇಜಿನ ಎಡಕ್ಕೆ ಸರಿದ. ತಲೆ ತಗ್ಗಿಸಿದ. ಬಟ್ಟೆಯ ಮೇಲಿನ ಎರಡು ಮೂಲೆ ಹಿಡಿದು, ಮೆಲ್ಲಗೆ, ಎದೆಯವರೆಗೆ ಮಡಚಿದ. ಹೊಲಿಗೆಯ ತುದಿ ಕಂಡಿತು. ಒಂದು ಹೆಜ್ಜೆ ಹಿಂದೆ ಸರಿದು, ತಗ್ಗಿದ ದನಿಯಲ್ಲಿ ಹೇಳಿದ:

“ನಿಧಾನವಾಗಿ ನೋಡಿ. ಅವಸರ ಏನಿಲ್ಲ. ಇವರೇನಾ?”

ಬಾಮೈದನ ಕೈಯಿಂದ ಕೇಕಿನ ಚಾಕು ಬಿತ್ತು. ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ಅಳಿಯನ ಹೆಂಡತಿ ಕಣ್ಣು ಮುಚ್ಚಿಕೊಂಡಳು; ಅವಳ ಮನಸ್ಸು ಆಗಲೇ ಆ ಫ್ರೀಜರಿನ ಬಾಗಿಲು ಹಾಕುತ್ತಿತ್ತು. ತಾನೇನು ಹೇಳಿದೆ ಎಂದು ಅಳಿಯನಿಗೆ ಹೊಳೆದಾಗ ನಾಲಿಗೆ ಒಳಕ್ಕೆಳೆದುಕೊಳ್ಳಲು ಹೊತ್ತು ಮೀರಿತ್ತು.

ಅತ್ತೆ ಮುಂದೆ ಬಂದರು. ಅವತ್ತು ನಿಂತ ಹಾಗೇ ನಿಂತರು. ಅವತ್ತಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಮಗಳ ಕಡೆ ತಿರುಗದೆ, ನೇರವಾಗಿ ಅವನಿಗೇ ಹೇಳಿದರು.

“ಅಲ್ಲ. ಇವರಲ್ಲ. ನಮ್ಮವರದ್ದು ದುಂಡಗಿರ್ತಿತ್ತು.”

ಬಾಮೈದ ಬಗ್ಗಿ ಚಾಕು ಎತ್ತಿಕೊಂಡ.

“ಇನ್ನೊಂದು ಪ್ರಶ್ನೆ ಬಿಟ್ರಲ್ಲ,” ಎಂದರು ಅತ್ತೆ. “ಅವತ್ತು ಕೇಳಿದ್ರಲ್ಲ. ‘ಅಮ್ಮಾ, ಸತ್ತವರಿಗೆ ನೀವೇನಾಗಬೇಕು?’ ಅಂತ.”

ಅಳಿಯನಿಗೆ ಅದು ನೆನಪೇ ಇರಲಿಲ್ಲ. ಈಗ ಬಂತು. ಬಂದವರನ್ನೆಲ್ಲ ಕೇಳುವ ಮಾತು ಅದು. ಅವತ್ತು ಆ ಮಾತನ್ನು ಕಂಬದ ಹಾಗೆ ಹಿಡಿದುಕೊಂಡೇ ಅವನು ನಿಂತಿದ್ದ, ಬಿಟ್ಟಿದ್ದರೆ ಬೀಳುತ್ತಿದ್ದ.

“ನನ್ನ ಕೈ ನಡುಗ್ತಿತ್ತು ಅತ್ತೆ,” ಎಂದ.

“ನೋಡಿದೆ. ನಿಮ್ಮ ಕೈ ಮೇಲೆ ನಂಗೇನೂ ಸಿಟ್ಟಿಲ್ಲ. ಅವರ ತಲೆಗೂದಲು ಸರಿಮಾಡಿದ್ದು ಅದೇ ಕೈ. ಆದ್ರೆ ಆ ಕೈಯಿಂದ ನಾನು ಕೊನೆಗೆ ತಗೊಂಡಿದ್ದು ಅವರ ಗಡಿಯಾರ. ಇಲ್ಲಿ ಸಹಿ ಹಾಕಿ ಅಮ್ಮಾ ಅಂದ್ರಿ. ಅತ್ತೆ ಅನ್ನಲಿಲ್ಲ. ಆಮೇಲೆ ನೀವು ಕೈ ಮುಂದೆ ಮಾಡಿದಾಗೆಲ್ಲ, ಇನ್ನೇನು ಹಿಂದಿರುಗಿಸೋಕೆ ಬಂದ್ರೋ ಅಂತ ಎದೆ ಝಲ್ಲಂತಿತ್ತು.” ಅವರು ಅವನ ಸವೆದ ಕೈಗಳನ್ನು ನೋಡುತ್ತಾ, “ವರ್ಷಪೂರ್ತಿ ನನ್ನ ನಲ್ಲೀಲಿ ಕೈ ತೊಳೆದ್ರಿ. ಬಾಯಿ ಮುಕ್ಕಳಿಸಿದ್ರೆ ಸಾಕಾಗ್ತಿತ್ತು,” ಎಂದರು.

ಅಷ್ಟು ಹೇಳಿ ಒಂದು ತಟ್ಟೆ ತೆಗೆದು ಅವನ ಮುಂದೆ ಹಿಡಿದರು.

ಅಳಿಯ ಒಂದು ತುಂಡು ಕತ್ತರಿಸಿದ. ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. “ತಗೊಳ್ಳಿ, ಅತ್ತೆ,” ಎಂದು ಬಡಿಸುವಾಗ ಕೈ ಮತ್ತೆ ನಡುಗಿ ಅರ್ಧ ರಸ ಮೇಜಿನ ಪಾಲಾಯಿತು. ಅತ್ತೆ ಮಾವನ ಕುರ್ಚಿಯಲ್ಲಿ ಕೂತು ತಿಂದರು. ಮೇಲೆ ಕರಕಲು, ಒಳಗೆ ಹಸಿ ಹಿಟ್ಟು, ಪ್ಲಮ್ ಹಣ್ಣಿಗೆ ಸಕ್ಕರೆ ಹಾಕಿದ ಸುಳಿವೇ ಇಲ್ಲ. ಒಂದು ತುತ್ತು, ಇನ್ನೊಂದು ತುತ್ತು. ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ನಡುವೆ ಎಲ್ಲೋ ಕಣ್ಣಲ್ಲಿ ನೀರು ಬಂತು. ಹುಳಿಗೋ, ಇನ್ನೊಂದಕ್ಕೋ, ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಅಂತೂ ಅತ್ತೆ ಅತ್ತರು. ತಡೆದು ತಡೆದು, ಬಹಳ ಹೊತ್ತು ಅತ್ತರು. ಅಳಿಯ ಚಮಚ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ.

ಅವನ ಕೆಲಸದಲ್ಲಿ ಮುಖ ನೋಡಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ತುಂಬಾ ನರಳಿದ್ರಾ? ಅದಕ್ಕೆ ಅವನ ಉತ್ತರವೂ ಒಂದೇ: ಇಲ್ಲಮ್ಮ, ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಿದ್ದರೂ ಅದೇ, ಗೊತ್ತಿಲ್ಲದಿದ್ದರೂ ಅದೇ.

ಅತ್ತೆ ಕಣ್ಣೊರೆಸಿಕೊಂಡು ಎದ್ದರು. ಮೇಜಿನ ಹತ್ತಿರ ಬಂದು, ಮಡಚಿದ ಬಿಳಿ ಬಟ್ಟೆಯ ಎರಡು ಮೂಲೆ ಹಿಡಿದು, ಮೆಲ್ಲಗೆ, ಗೌರವದಿಂದ, ಪೈಯ ತಲೆ ಮುಚ್ಚುವವರೆಗೂ ಎಳೆದರು.

“ಅಳಿಯಂದ್ರೇ,” ಎಂದರು. “ತುಂಬಾ ನರಳಿತಾ?”

ಹಳೆಯ ಉತ್ತರ ಅವನ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡ.

“ತುಂಬಾ, ಅತ್ತೆ.”