ನಾನು ಹುಟ್ಟಿಸಿದ ಮುತ್ತಾತ

ನಾನು ಸುಳ್ಳುಗಾರನೇನಲ್ಲ. ಆದರೆ ನಡೆದದ್ದನ್ನು ನಡೆದ ಹಾಗೇ ಹೇಳಿ ಮುಗಿಸಿಬಿಟ್ಟರೆ ಕೇಳಿದವರಿಗೆ ಏನೋ ಕಡಿಮೆ ಬಡಿಸಿದ ಹಾಗೆ ಅನ್ನಿಸುವ ಸ್ವಭಾವ ನನ್ನದು. ಬಸ್ಸು ಹತ್ತು ನಿಮಿಷ ತಡವಾಗಿದ್ದರೆ ಅರ್ಧ ಗಂಟೆ ಅನ್ನುತ್ತೇನೆ. ನಾಯಿ ಬೊಗಳಿದ್ದರೆ ಅಟ್ಟಿಸಿಕೊಂಡು ಬಂತು ಅನ್ನುತ್ತೇನೆ. ನನ್ನ ಹೆಂಡತಿ ನಸೀಮಾ ಮದುವೆಯಾದ ಹೊಸತರಲ್ಲೇ ಇದನ್ನು ಪತ್ತೆ ಹಚ್ಚಿದಳು. ಅಂದಿನಿಂದ ನಾನು ಹೇಳಿದ ಯಾವ ಸಂಖ್ಯೆಯನ್ನಾದರೂ ಮೂರರಿಂದ ಭಾಗಿಸಿಯೇ ನಂಬುವುದು ಅವಳ ಪದ್ಧತಿ. ಡಚ್ಚರ ದೇಶದ ನೈಮೆಗನ್ ಎಂಬ ಊರಿನಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಕಡೆ ನನಗೆ ಅಳತೆ ವಿಭಾಗದಲ್ಲಿ ಕೆಲಸ. ಅಲ್ಲಿ ಕೂದಲೆಳೆಯ ಸಾವಿರದಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಒಪ್ಪುವ ಹಾಗಿಲ್ಲ. ದಿನವಿಡೀ ಅಷ್ಟು ಕಟ್ಟುನಿಟ್ಟಾಗಿದ್ದವನು ಮನೆಗೆ ಬಂದ ಮೇಲೆ ಸ್ವಲ್ಪ ಸಡಿಲ ಬಿಟ್ಟುಕೊಂಡರೆ ತಪ್ಪೇನು ಎಂಬುದು ನನ್ನ ವಾದ. ಈ ವಾದವನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪಿಲ್ಲ.

ಈ ದೇಶದಲ್ಲಿ ಕಥೆ ಹೇಳುವ ಚಪಲಕ್ಕೆ ಮೇವೂ ಜಾಸ್ತಿ. ನಾನು ಸಾಗರದವನು. ಇಕ್ಕೇರಿ ನಮಗೆ ಸೈಕಲ್ ತುಳಿಯುವಷ್ಟು ದೂರ. ಅಲ್ಲಿನ ನಾಯಕರ ಕಾಲದಲ್ಲಿ ನಮ್ಮ ಕಡೆಯ ಮೆಣಸು ಘಟ್ಟ ಇಳಿದು, ಬಂದರು ಸೇರಿ, ಹಡಗು ಹತ್ತಿ ಇವರ ದೇಶಕ್ಕೆ ಬರುತ್ತಿತ್ತು. ಹಳೆಯ ಕನ್ನಡದಲ್ಲಿ ಇವರಿಗೆ ವಲಂದೇಜರು ಎಂದು ಹೆಸರು. ಇಂದಿಗೂ ಯಾವುದಾದರೂ ಸಾಮಾನಿನ ಬೆಲೆ ಕೇಳಿ ಡಚ್ಚರು ಹೌಹಾರಿದರೆ ಅದನ್ನು ‘ಪೇಪರ್‌ದ್ಯೂರ್’ ಅನ್ನುತ್ತಾರೆ. ಮೆಣಸಿನಷ್ಟು ದುಬಾರಿ ಎಂದು ಅರ್ಥ. ಇನ್ನು ಜಾಯಿಕಾಯಿ. ಅದು ಬೆಳೆಯುವ ಪುಟ್ಟ ದ್ವೀಪಗಳಿಗಾಗಿ ಇವರ ಪೂರ್ವಜರು ಸಮುದ್ರ ದಾಟಿ ಹೋಗಿ ಏನೇನು ಮಾಡಿದರು, ಅಲ್ಲಿನ ಜನ ಏನಾದರು ಎಂಬುದನ್ನು ಓದಿದಾಗ ಅದಕ್ಕೆ ಉಪ್ಪುಖಾರ ಹಚ್ಚಬೇಕೆಂದು ನನಗೂ ಅನ್ನಿಸಲಿಲ್ಲ. ಇಷ್ಟೆಲ್ಲ ಮಾಡಿ ತಂದ ಜಾಯಿಕಾಯಿಯನ್ನು ಇವರು ಬೇಯಿಸಿದ ಹೂಕೋಸಿನ ಮೇಲೆ ಒಂದು ಚಿಟಿಕೆ ತುರಿದು ಉದುರಿಸಿ ಊಟ ಮುಗಿಸುತ್ತಾರೆ. ಒಗ್ಗರಣೆ ಎಂಬುದೊಂದಿದೆ ಎಂದು ಆ ಹಡಗಿನವರಿಗೆ ಯಾರೂ ಹೇಳಿಕೊಡಲಿಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನ ಮಗಳು ಸಾನಿಯಾಗೆ ಹನ್ನೊಂದು ವರ್ಷ. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ವರ್ಷಕ್ಕೊಮ್ಮೆ ತರಗತಿಯ ಮುಂದೆ ನಿಂತು ಒಂದು ವಿಷಯದ ಮೇಲೆ ಮಾತಾಡಬೇಕು. ಅದಕ್ಕೆ ‘ಸ್ಪ್ರೇಕ್‌ಬ್ಯೂರ್ಟ್’ ಎಂದು ಹೆಸರು. ಈ ಸಲ ಅವರ ಟೀಚರು ಹಳೆಯ ಹಡಗುಗಳ ಕಾಲವನ್ನು ವಿಷಯವಾಗಿ ಕೊಟ್ಟು, ನಿಮ್ಮ ನಿಮ್ಮ ಮನೆಯಲ್ಲಿ ಅದಕ್ಕೆ ಸಂಬಂಧಪಟ್ಟ ಏನಾದರೂ ಇದೆಯೇ ಕೇಳಿಕೊಂಡು ಬನ್ನಿ ಎಂದಿದ್ದರಂತೆ. ಒಬ್ಬ ಹುಡುಗನ ಮನೆಯಲ್ಲಿ ನಾವಿಕನ ಹಳೆಯ ಪೆಟ್ಟಿಗೆ ಇತ್ತು. ಒಬ್ಬಳ ಅಜ್ಜಿ ಜಾಯಿಕಾಯಿ ದ್ವೀಪಗಳ ಕಡೆಯವಳು. ಸಾನಿಯಾ ಊಟದ ತಟ್ಟೆಯ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೇಳಿದಳು:

“ಅಬ್ಬಾ, ನಮ್ಮ ಫ್ಯಾಮಿಲಿಯಲ್ಲಿ ಯಾರೂ ಏನೂ ಮಾಡಿಲ್ವಾ?”

ನಿಜ ಹೇಳಬೇಕೆಂದರೆ ನಮ್ಮ ವಂಶದ ವಿಷಯ ನನಗೆ ಗೊತ್ತಿರುವುದು ಅಜ್ಜನ ಅಪ್ಪನವರೆಗೆ ಮಾತ್ರ. ಅವರು ಸಂತೆಯಿಂದ ಸಂತೆಗೆ ಹೋಗಿ ಬಳೆ ಮಾರುತ್ತಿದ್ದರು. ಅದರಾಚೆಗೆ ಎಲ್ಲ ಮಬ್ಬು. ಆದರೆ ಮಗಳ ಮುಖ ನೋಡಿ ಆ ಮಬ್ಬಿನೊಳಗೆ ಕೈ ಹಾಕಿದೆ, ಹುಸೇನ್ ಸಾಬರು ಸಿಕ್ಕರು. ನನ್ನ ಮುತ್ತಾತನ ಮುತ್ತಾತ. ಬಸರೂರು ಬಂದರಿನಲ್ಲಿ ದುಭಾಷಿ. ಒಂದು ಸಲ ಮೆಣಸಿನ ವ್ಯಾಪಾರ ಕುದುರದೆ ವಲಂದೇಜರ ಕ್ಯಾಪ್ಟನ್ನಿಗೂ ನಾಯಕರ ಅಧಿಕಾರಿಗೂ ಜಟಾಪಟಿಯಾಯಿತು. ಕ್ಯಾಪ್ಟನ್ ಹಲ್ಲು ಕಡಿದು, ಈ ಮನುಷ್ಯ ಪಕ್ಕಾ ಕಳ್ಳ ಎಂದ. ಹುಸೇನ್ ಸಾಬರು ಅದನ್ನು ಕನ್ನಡಕ್ಕೆ ತಿರುಗಿಸಿ, ತಮ್ಮಂಥ ಚತುರರನ್ನು ಏಳು ಸಮುದ್ರದಲ್ಲಿ ಕಂಡಿಲ್ಲವಂತೆ ಎಂದರು. ಅಧಿಕಾರಿ ಮೀಸೆ ತಿರುವಿ, ಈ ಕೆಂಪು ಮೂತಿಯವನನ್ನು ಸಮುದ್ರಕ್ಕೆ ನೂಕಿ ಎಂದ. ಹುಸೇನ್ ಸಾಬರು ಕ್ಯಾಪ್ಟನ್ನಿಗೆ, ನಿಮ್ಮ ಸಮುದ್ರಯಾನ ಸುಖಕರವಾಗಲಿ ಎಂದು ಹರಸುತ್ತಿದ್ದಾರೆ ಎಂದರು. ಆಮೇಲೆ ಇಬ್ಬರನ್ನೂ ಕೂರಿಸಿ ಚಹಾ, ಖಾರಾ ಬಿಸ್ಕತ್ತು ಕೊಟ್ಟರು. ವ್ಯಾಪಾರ ಕುದುರಿತು. ಸಾನಿಯಾ ಊಟ ಬಿಟ್ಟು ಎಲ್ಲವನ್ನೂ ಬರೆದುಕೊಂಡಳು. ನಸೀಮಾ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಅನ್ನ ಕಲಸುವುದರಲ್ಲಿ ಮಗ್ನನಾದೆ.

ಎರಡು ವಾರ ಕಳೆದ ಮೇಲೆ ಸಾನಿಯಾ ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡು ಬಂದಳು. ಇಲ್ಲಿ ಒಂಬತ್ತು ಕೊಡುವುದೆಂದರೆ ಟೀಚರು ಕರುಳು ಕಿತ್ತುಕೊಟ್ಟ ಹಾಗೆ. ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಆದರೆ ಆ ಸಂಜೆಯೇ ಪಕ್ಕದ ಮನೆಯ ವಿಲ್ಮಾ ಬಾಗಿಲು ತಟ್ಟಿದರು. ವಿಲ್ಮಾ ಎಪ್ಪತ್ತು ದಾಟಿದ ನಿವೃತ್ತ ಉಪಾಧ್ಯಾಯಿನಿ. ವಾರಕ್ಕೊಮ್ಮೆ ಸಾನಿಯಾಳ ಶಾಲೆಗೆ ಹೋಗಿ ಮಕ್ಕಳಿಗೆ ಓದಿಸುತ್ತಾರೆ. ಉಳಿದ ದಿನ ಅವರು ಏನು ಮಾಡುತ್ತಾರೆಂದು ನಾನು ಕೇಳಿರಲಿಲ್ಲ. ಅಂದು ಗೊತ್ತಾಯಿತು. ಹಡಗಿನ ಕಾಲದ ಹಳೆಯ ಕೈಬರಹದ ಕಾಗದಗಳನ್ನು ಓದಿ ಅಚ್ಚುಕಟ್ಟಾಗಿ ನಕಲು ಮಾಡಿಕೊಡುವುದೇ ಅವರ ಹವ್ಯಾಸವಂತೆ. ಸಾನಿಯಾಳ ಮಾತು ಕೇಳಿದೆ, ತುಂಬ ಚೆನ್ನಾಗಿತ್ತು, ನಿಮ್ಮ ಕರಾವಳಿಯ ಕಾಗದಗಳು ದ ಹೇಗ್ ನಗರದ ದಾಖಲೆ ಭಂಡಾರದಲ್ಲಿ ರಾಶಿ ಇವೆ, ಆ ದುಭಾಷಿಯನ್ನು ಹುಡುಕಿಯೇ ಹುಡುಕುತ್ತೇನೆ ಎಂದರು. ನಾನು ಬಹಳ ಸಂತೋಷ ಎಂದೆ. ಅವರು ಹೋದ ಮೇಲೆ ಬಾಗಿಲು ಹಾಕಿ ಚಿಲಕವನ್ನೂ ಹಾಕಿದೆ.

ಮುಂದಿನ ಮೂರು ವಾರ ನಾನು ನಮ್ಮ ಬೀದಿಯಲ್ಲಿ ತಲೆಮರೆಸಿಕೊಂಡು ಬದುಕಿದೆ. ವಿಲ್ಮಾರ ಕಿಟಕಿ ರಸ್ತೆಗೆ ಮುಖ ಮಾಡಿದೆ, ಈ ದೇಶದಲ್ಲಿ ಪರದೆ ಹಾಕುವವರು ಕಡಿಮೆ. ಹಾಗಾಗಿ ಹಿಂದಿನ ಓಣಿಯಿಂದ ಸೈಕಲ್ ತಳ್ಳಿಕೊಂಡು ಹೋಗಿಬರತೊಡಗಿದೆ. ಒಮ್ಮೆ ಅಂಗಡಿಯಲ್ಲಿ ಅವರು ಕಂಡಾಗ ಬ್ರೆಡ್ಡಿನ ಸಾಲಿನ ಹಿಂದೆ ಬಹಳ ಹೊತ್ತು ಬ್ರೆಡ್ ಆರಿಸಿದೆ. ಸಣ್ಣ ವಿಷಯವಲ್ಲವೇ ಎಂದು ನೀವು ಕೇಳಬಹುದು. ಮಗಳು ತರಗತಿಯ ಮುಂದೆ ನಿಂತು ಅಪ್ಪನ ಮಾತನ್ನು ನಂಬಿ ಹೇಳಿದ್ದಾಳೆ. ಅದು ಬುರುಡೆ ಎಂದು ಗೊತ್ತಾದರೆ ಶಾಲೆಯಲ್ಲಿ ಅವಳ ಮುಖ ಎಲ್ಲಿ ಉಳಿಯಿತು? ಅಲ್ಲಿಂದ ಮುಂದೆ ನಾನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಅವಳು ಹೋಗಿ ನೋಡಿಕೊಂಡೇ ಬರುತ್ತಾಳೆ. ಹಳೆಯ ಕಾಗದಗಳನ್ನೆಲ್ಲ ನಮ್ಮೂರಿನಲ್ಲಿ ಗೆದ್ದಲು ತಿಂದಿತು ಎಂದು ಹೇಳಿಬಿಡಲೇ ಎಂದು ನಸೀಮಾಳನ್ನು ಕೇಳಿದೆ.

“ನಕ್ಕೋ ಜೀ,” ಅಂದಳು ಅವಳು. “ಒಂದು ಸುಳ್ಳಿನ ತಲೆ ಮೇಲೆ ಇನ್ನೊಂದು ನಕ್ಕೋ. ಹೋಗಿ ಮಗೂಗೆ ಹೇಳ್ಬಿಡಿ.”

ಶಾಲೆಗೆ ರಜೆ ಬಂದಾಗ ವಿಲ್ಮಾರಿಂದ ಸಂದೇಶ ಬಂತು. ಅವರು ದ ಹೇಗ್‌ನಲ್ಲಿ ತಂಗಿಯ ಮನೆಯಲ್ಲಿದ್ದರು. ಏನೋ ಸಿಕ್ಕಿದೆ, ಗುರುವಾರ ಸಾನಿಯಾಳನ್ನು ಕರೆದುಕೊಂಡು ಬನ್ನಿ ಎಂದು ಬರೆದಿದ್ದರು. ಏನೋ ಸಿಕ್ಕಿದೆ ಎಂದರೆ ಏನು? ಇಲ್ಲದ ಮನುಷ್ಯ ಸಿಗುವುದು ಹೇಗೆ? ರೈಲಿನಲ್ಲಿ ಮಗಳಿಗೆ ಎಲ್ಲ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಹೊರಟೆ. ಗಂಟಲು ಸರಿ ಮಾಡಿಕೊಂಡು, ಸಾನಿಯಾ, ಆ ಹುಸೇನ್ ಸಾಬರು ಇದ್ದಾರಲ್ಲ ಎಂದು ಶುರು ಮಾಡುವಷ್ಟರಲ್ಲಿ ಎದುರು ಸೀಟಿನ ಹಿರಿಯರು ಕಿಟಕಿಯ ಮೇಲೆ ಬರೆದದ್ದನ್ನು ಬೆರಳಿನಿಂದ ತೋರಿಸಿದರು. ನಾವು ಹತ್ತಿದ್ದು ಮಾತಾಡಬಾರದ ಡಬ್ಬಿ. ಜೀವನದಲ್ಲಿ ಒಮ್ಮೆ ನಿಜ ಹೇಳಹೊರಟವನಿಗೆ ಆ ಮರ್ಯಾದೆ. ಬೇರೆ ಡಬ್ಬಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮನಸ್ಸಿನೊಳಗೆ ಆ ಹಿರಿಯರಿಗೆ ಕೈಮುಗಿದೆ.

ದಾಖಲೆ ಭಂಡಾರದಲ್ಲಿ ಪೆನ್ನು, ಚೀಲ, ಕೋಟು ಎಲ್ಲವನ್ನೂ ಹೊರಗೆ ಇಡಿಸಿದರು. ಒಳಗೆ ವಿಲ್ಮಾ ಕೂತಿದ್ದರು. ಮುಂದೆ ಸ್ಪಂಜಿನ ದಿಂಬಿನ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಕಾಗದಗಳ ಕಟ್ಟು ಮಗು ಮಲಗಿದ ಹಾಗೆ ಮಲಗಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಆ ಹುಸೇನ್ ಸಾಬರು ಇರಲೇ ಇಲ್ಲ, ನಾನೇ ಹುಟ್ಟಿಸಿದ್ದು, ನಮ್ಮದು ಬಳೆಗಾರರ ಮನೆ, ಇದರಲ್ಲಿ ಮಗುವಿನ ತಪ್ಪಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮಗಳ ಕಡೆ ನೋಡಿದೆ. ಅವಳ ಮುಖದಲ್ಲಿ ಏನೂ ಬದಲಾಗಿರಲಿಲ್ಲ.

“ನಂಗೊತ್ತಿತ್ತು ಅಬ್ಬಾ,” ಅಂದಳು. “ಖಾರಾ ಬಿಸ್ಕತ್ ಅಂದಾಗಲೇ ಡೌಟ್ ಬಂತು. ಆವಾಗ ನಮ್ಮ ಕಡೆ ಟೀ ಕೂಡ ಕುಡೀತಿರ್ಲಿಲ್ಲ. ಟೀಚರ್‌ನ ಕೇಳಿದ್ದೆ.”

ಅವಳು ತರಗತಿಯಲ್ಲಿ ಹೇಳಿದ್ದೇ ಬೇರೆ. ಇದು ನಮ್ಮ ಅಪ್ಪ ಕಟ್ಟಿದ ಕಥೆ, ಆದರೆ ಮಾತು ತಿಳಿಯದ ಇಬ್ಬರು ವ್ಯಾಪಾರ ಮಾಡಬೇಕಾದರೆ ನಡುವೆ ಒಬ್ಬ ಇದ್ದೇ ಇರಬೇಕು, ಅವನ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳಿ ಮಾತು ಮುಗಿಸಿದ್ದಳಂತೆ. ಒಂಬತ್ತು ಅಂಕ ಬಂದದ್ದು ಆ ಪ್ರಶ್ನೆಗೆ. ವಿಲ್ಮಾ ಹುಡುಕಲು ಹೊರಟದ್ದೂ ಆ ಪ್ರಶ್ನೆಗೇ. ಮತ್ತೆ ಮೂರು ವಾರ ನನ್ನನ್ನು ಯಾಕೆ ಸುಮ್ಮನೆ ಬಿಟ್ಟೆ ಎಂದು ಕೇಳಿದ್ದಕ್ಕೆ, ನೀವು ಅಷ್ಟು ಖುಷಿಯಾಗಿ ಹೇಳಿದ್ರಲ್ಲ ಅಬ್ಬಾ ಎಂದಳು. ಎದೆಯ ಮೇಲಿದ್ದ ಅಕ್ಕಿ ಮೂಟೆ ಇಳಿದ ಹಾಗಾಯಿತು. ಇಷ್ಟು ದಿನ ಹಿಂದಿನ ಓಣಿಯಲ್ಲಿ ಸೈಕಲ್ ತಳ್ಳಿದ್ದೆಲ್ಲ ದಂಡ ಎಂದು ಆಮೇಲೆ ಹೊಳೆಯಿತು. ಆ ಹೊತ್ತಿಗೆ ಮಾತ್ರ ಬರೀ ಹಗುರ.

ವಿಲ್ಮಾರಿಗೆ ಸಿಕ್ಕಿದ್ದು ಒಬ್ಬ ವಲಂದೇಜ ವ್ಯಾಪಾರಿಯ ಕಾಗದ. ತನ್ನ ದುಭಾಷಿಯ ಮೇಲೆ ಅವನಿಗೆ ಸಿಟ್ಟು. ಆ ಕಡೆಯವರು ಬಹಳ ಹೊತ್ತು ಕೂಗಾಡಿದರೂ ಈತ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ, ನಡುವೆ ಎಷ್ಟನ್ನು ನುಂಗಿಕೊಂಡನೋ ಎಂದು ಗೋಳಾಡಿದ್ದ. ದುಭಾಷಿಯ ಹೆಸರನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಸಾನಿಯಾ ಆ ಸಾಲನ್ನು ಎರಡು ಸಲ ಓದಿಸಿಕೊಂಡಳು.

ಆಮೇಲೆ ವಿಲ್ಮಾ ಕಟ್ಟಿನ ಕೊನೆಯ ಹಾಳೆಯನ್ನು ಮೆಲ್ಲನೆ ತಿರುಗಿಸಿದರು. ಕೆಳಗೆ ಮೂರು ಸಾಲು ಕನ್ನಡ. ದೇಶ ಬಿಟ್ಟು ಇಷ್ಟು ದೂರ, ಆ ತಣ್ಣನೆಯ ಕೋಣೆಯಲ್ಲಿ, ನಮ್ಮ ಅಕ್ಷರ. ಇದನ್ನು ಓದಿಕೊಡಿ ಎಂದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಗ್ಗಿ ನೋಡಿದರೆ ಎಲ್ಲ ಗೆರೆಗಳೂ ಒಂದಕ್ಕೊಂದು ಹೆಣೆದುಕೊಂಡು ಶ್ಯಾವಿಗೆಯ ಹಾಗೆ ಕಾಣುತ್ತಿದ್ದವು. ಪದಗಳ ನಡುವೆ ಜಾಗವಿಲ್ಲ, ಅಕ್ಷರಕ್ಕೆ ತಲೆಯಿದ್ದರೆ ಕಾಲಿಲ್ಲ. ನಾನು ಏನು ಹೇಳಿದರೂ ಆ ಕೋಣೆಯಲ್ಲಿ ತಪ್ಪು ಎನ್ನುವವರು ಯಾರೂ ಇರಲಿಲ್ಲ. ಬಾಯಲ್ಲಿ ಒಂದು ಒಳ್ಳೆಯ ವಾಕ್ಯ ತಯಾರಾಗಿಯೂ ಇತ್ತು. ಅದನ್ನು ನುಂಗಿಕೊಂಡೆ.

“ನನಗೆ ಓದಲು ಬರುತ್ತಿಲ್ಲ,” ಎಂದೆ. “ಒಂದು ಪದ ಮಾತ್ರ ಕಾಣುತ್ತಿದೆ. ಮೆಣಸು ಇರಬೇಕು. ಮನಸು ಇದ್ದರೂ ಇರಬಹುದು.”

ವಿಲ್ಮಾ ದೊಡ್ಡದಾಗಿ ಉಸಿರು ಬಿಟ್ಟರು. ನನಗಿಂತ ಅವರಿಗೇ ಹೆಚ್ಚು ಸಮಾಧಾನವಾದಂತಿತ್ತು. ಈ ಹಾಳೆಯನ್ನು ಹಿಂದೆ ನಿಮ್ಮ ಕಡೆಯ ಇಬ್ಬರಿಗೆ ತೋರಿಸಿದ್ದೆ, ಇಬ್ಬರೂ ಗಳಗಳ ಓದಿದರು, ಒಬ್ಬರ ಪ್ರಕಾರ ಇದು ಅಕ್ಕಿ ದೋಣಿಗಳ ಪಟ್ಟಿ, ಇನ್ನೊಬ್ಬರ ಪ್ರಕಾರ ದೇವರ ಸ್ತುತಿ ಎಂದರು. ಆಮೇಲೆ ತಮ್ಮ ಪುಸ್ತಕದಲ್ಲಿ ಮೆಣಸು, ಮನಸು ಎರಡೂ ಪದಗಳನ್ನು ಬರೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿ, ಓದಿದವರು ಯಾರು ಎಂಬ ಕಡೆ ನನ್ನ ಹೆಸರನ್ನು ಅಕ್ಷರ ಅಕ್ಷರ ಕೇಳಿ ಸೇರಿಸಿಕೊಂಡರು. ನನ್ನ ಎದೆ ಉಬ್ಬಿದ್ದನ್ನು ಕಂಡಿರಬೇಕು. ಪುಸ್ತಕ ಮುಚ್ಚುವಾಗ, ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ, ಬೇಕಾದರೆ ಅಳಿಸಬಹುದು ಎಂದರು. ಇಲ್ಲಿ ಎಲ್ಲರೂ ಪೆನ್ಸಿಲ್ಲಿನಲ್ಲೇ ಬರೆಯಬೇಕು ಎಂಬ ನಿಯಮವಿದೆ ಎಂದು ಸಾನಿಯಾ ಸಮಾಧಾನ ಹೇಳಿದಳು. ಇರಬಹುದು. ಆದರೆ ವಿಲ್ಮಾ ಆ ಮಾತನ್ನು ನನಗೇ ಯಾಕೆ ಹೇಳಿದರು ಎಂದು ನಾನು ಈಗಲೂ ಯೋಚಿಸುತ್ತಿದ್ದೇನೆ.