ಒಂಬತ್ತನೆಯ ಚೌಕದ ಅಭ್ಯರ್ಥಿ

ಒನೊಗಾಸೆ ಪಟ್ಟಣದ ಕ್ಷೌರಿಕ ಕುರಾಮೋಚಿ ಯಾಸುಹೇ ಅವರಿಗೆ, ಯಾರು ಏನೇ ಕೇಳಲಿ, ಉತ್ತರ ಕೊಡುವ ಮೊದಲು ಕತ್ತರಿಯನ್ನು ಗಾಳಿಯಲ್ಲಿ ಮೂರು ಸಲ ಕಿಚಕಿಚ ಎಂದು ಆಡಿಸುವ ಅಭ್ಯಾಸವಿತ್ತು. ಮೂರನೆಯ ಸಲಕ್ಕೆ ಕೇಳಿದವರು ತಾವೇ ಉತ್ತರ ಊಹಿಸಿಕೊಂಡು "ಸರಿ, ಹಾಗೇ ಮಾಡೋಣ ಬಿಡಿ" ಅನ್ನುತ್ತಿದ್ದರು. ನಲವತ್ತು ವರ್ಷಗಳಲ್ಲಿ ಅವರು ಯಾವುದಕ್ಕೂ ಒಲ್ಲೆ ಎಂದವರಲ್ಲ, ಹೂಂ ಎಂದವರೂ ಅಲ್ಲ. ಪಟ್ಟಣ ಸಭೆಯ ಚುನಾವಣೆಗೆ ಅವರು ನಿಂತದ್ದೂ ಇದೇ ಕ್ರಮದಲ್ಲಿ.

ಆ ಸಭೆಗೆ ಎಂಟು ಸ್ಥಾನ. ಹದಿನಾರು ವರ್ಷಗಳಿಂದ ಎಂಟೇ ಜನ ಅರ್ಜಿ ಹಾಕುತ್ತಿದ್ದರು. ಎಂಟೂ ಜನ ಮತದಾನವಿಲ್ಲದೆ ಗೆದ್ದು, ಅಂದೇ ಸಂಜೆ ಒಬ್ಬರಿಗೊಬ್ಬರು ಬಾಗಿ ಅಭಿನಂದಿಸಿ ಮನೆಗೆ ಹೋಗುತ್ತಿದ್ದರು. ಈ ಸಲ ಅಭ್ಯರ್ಥಿಗಳ ಚಿತ್ರ ಅಂಟಿಸುವ ಹಲಗೆ ಹಳತಾಯಿತೆಂದು ಹೊಸದು ಮಾಡಿಸಿದರು. ಬಡಗಿ ಅಂದವಾಗಿ ಕಾಣಲೆಂದು ಸಾಲಿಗೆ ಮೂರರಂತೆ ಮೂರು ಸಾಲು ಗೆರೆ ಎಳೆದ. ಒಂಬತ್ತು ಚೌಕವಾಯಿತು. ಪಟ್ಟಣ ಕಚೇರಿಯಲ್ಲಿ ಎರಡು ದಿನ ಸಭೆ ನಡೆದು, ಪ್ರಕಟಣೆ ಹೊರಬಿತ್ತು: "ಸಾರ್ವಜನಿಕ ಹಲಗೆಯ ಒಂಬತ್ತನೆಯ ಒಂದು ಭಾಗವನ್ನು ಖಾಲಿ ಬಿಡುವುದು ದುಂದುವೆಚ್ಚವಾಗುವುದರಿಂದ, ಸದರಿ ಚೌಕವನ್ನು ತುಂಬಲು ಇಚ್ಛಿಸುವ, ಛಾಯಾಚಿತ್ರ ಹೊಂದಿರುವ ನಾಗರಿಕರು ಕೂಡಲೇ ಸಂಪರ್ಕಿಸತಕ್ಕದ್ದು."

ನಿವೃತ್ತ ಪೋಸ್ಟ್ ಮಾಸ್ತರ್ ಹಟಾನಾಕಾ ಅಂದು ಕ್ಷೌರಕ್ಕೆ ಬಂದಿದ್ದರು. "ಯಾಸುಹೇ, ನೀನೇ ನಿಲ್ಲಬಾರದ್ಯಾಕೆ?" ಎಂದರು. ಕಿಚ, ಕಿಚ, ಕಿಚ. "ಸರಿ, ನಾನೇ ನಿನ್ನ ಏಜೆಂಟು."

ಎಂಟು ಸ್ಥಾನಕ್ಕೆ ಒಂಬತ್ತು ಜನ ನಿಂತರೆ ಮತದಾನ ನಡೆಸಬೇಕಾಗುತ್ತದೆ, ಒಬ್ಬರು ಸೋಲಬೇಕಾಗುತ್ತದೆ ಎಂಬುದು ಚಿತ್ರ ಅಂಟಿಸಿದ ಮೇಲೆ ಎಲ್ಲರಿಗೂ ಹೊಳೆಯಿತು. ಹಲಗೆ ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು.

ಮಗಳು ಚಿಸಾತೊ ನಗೋಯಾದಿಂದ ಊರಿಗೆ ಬಂದಿಳಿದದ್ದು ಪ್ರಚಾರದ ಮೊದಲ ದಿನ, ಮಂಗಳವಾರ. ಅವಳ ಚೀಲದಲ್ಲಿ ಮದುವೆ ನೋಂದಣಿಯ ಅರ್ಜಿ ಇತ್ತು. ಹುಡುಗ ಹಯಾತೆ ಟ್ಯೂನಾ ಮೀನು ಹಿಡಿಯುವ ಹಡಗಿನಲ್ಲಿ ಅಡುಗೆಯವನು. ಮುಂದಿನ ಸೋಮವಾರ ಸಂಜೆ ಹಡಗು ಹೊರಟರೆ ಮರಳುವುದು ಎಂಟು ತಿಂಗಳಿಗೆ. ಹಡಗು ಹೊರಡುವುದರೊಳಗೆ ಅರ್ಜಿ ಸಲ್ಲಿಸಬೇಕು. ಸಾಕ್ಷಿಗಳ ಜಾಗ ಎರಡು. ಒಂದರಲ್ಲಿ ಹಡಗಿನ ಕಪ್ತಾನ ಸಹಿ ಹಾಕಿದ್ದ. ಇನ್ನೊಂದಕ್ಕೆ ಬೀದಿಯಲ್ಲಿ ಹೋಗುವ ಯಾರ ಸಹಿಯಾದರೂ ಸಾಕಿತ್ತು. ಚಿಸಾತೊಗೆ ಅಪ್ಪನದೇ ಬೇಕಿತ್ತು. ಬಾಯಿಬಿಟ್ಟು ಏನನ್ನೂ ಕೇಳದ ಹುಡುಗಿ ಕೇಳಿದ್ದು ಅದೊಂದೇ.

ಅಪ್ಪ ಕನ್ನಡಕ ಹಾಕಿಕೊಂಡು ಪೆನ್ನು ತೆಗೆದರು. ಹಟಾನಾಕಾ ಅರ್ಜಿಯ ಮೇಲೆ ಅಂಗೈ ಇಟ್ಟರು.

"ಮುಟ್ಬೇಡ! ಅಭ್ಯರ್ಥಿ ಈ ಊರಿಗೆ ಸಂಬಂಧಪಟ್ಟ ಯಾರಿಗೂ ಬೆಲೆಬಾಳೋ ವಸ್ತು ಕೊಡೋ ಹಾಗಿಲ್ಲ."

"ಬರೀ ಸಹಿ ಮಾಮಾ," ಎಂದಳು ಚಿಸಾತೊ, ನೆಲ ನೋಡುತ್ತ.

"ಬೆಲೆ ಇಲ್ದಿದ್ರೆ ಐದು ಗಂಟೆ ಪ್ರಯಾಣ ಮಾಡ್ಕೊಂಡು ಬರ್ತಿದ್ದೆಯೇನಮ್ಮಾ?"

ಚಿಸಾತೊ ಅರ್ಜಿಯನ್ನು ಅವರ ಅಂಗೈ ಕೆಳಗಿನಿಂದ ಮೆಲ್ಲಗೆ ಎಳೆದುಕೊಂಡಳು.

"ಚುನಾವಣೆ ಆದ್ಮೇಲೆ?"

"ಗೆದ್ರೆ ಅಪ್ಪ ಸದಸ್ಯ. ಸದಸ್ಯರ ಸಹಿಗೆ ಸಭೆಯ ನಿರ್ಣಯ ಬೇಕು, ಸಭೆ ಸೇರೋದು ಜೂನ್‌ನಲ್ಲಿ. ಸೋತ್ರೆ ಏನೂ ಅಡ್ಡಿಯಿಲ್ಲ, ಭಾನುವಾರ ರಾತ್ರಿ ಎಣಿಕೆ ಮುಗಿದ ಕ್ಷಣವೇ ಹಾಕ್ಬಹುದು."

ಅಮ್ಮ ಫುಸಾಎ ಒಳಗಿನಿಂದ ಕೂಗಿದರು: "ಅಯ್ಯೋ, ಹಾಗಾದ್ರೆ ಚಿಂತೆ ಯಾಕೆ? ಇವ್ರಿಗೆ ಯಾರು ಓಟು ಹಾಕ್ತಾರೆ!"

ಎಲ್ಲರಿಗೂ ಸಮಾಧಾನವಾಯಿತು. ಅಪ್ಪನಿಗೆ ಎಲ್ಲರಿಗಿಂತ ಹೆಚ್ಚು. ಅಂದಿನಿಂದ ಅವರು ಗಿರಾಕಿಯಿಲ್ಲದಾಗ ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಸಹಿ ಅಭ್ಯಾಸ ಮಾಡತೊಡಗಿದರು. "ಮಗಳ ಮದುವೆ ಕಾಗದ. ಕೈ ನಡುಗ್ಬಾರ್ದು ನೋಡು," ಎಂದು ಕನ್ನಡಿಗೆ ಹೇಳಿದರು.

ಬುಧವಾರ ಅಮ್ಮನ ಗಂಟಲು ಕೈಕೊಟ್ಟಿತು. ಪ್ರಚಾರದ ವ್ಯಾನಿನಲ್ಲಿ ಮೈಕು ಹಿಡಿಯುತ್ತಿದ್ದವರು ಅವರೇ. ಹಟಾನಾಕಾ ನಿಯಮ ಪುಸ್ತಕ ತೆರೆದರು. ವ್ಯಾನು ಚಲಿಸುವಾಗ ಅಭ್ಯರ್ಥಿಯ ಹೆಸರು ಮತ್ತು ನಮಸ್ಕಾರ ಬಿಟ್ಟು ಬೇರೇನೂ ಹೇಳುವಂತಿಲ್ಲ. ವಿಚಾರ ಹೇಳಬೇಕಿದ್ದರೆ ವ್ಯಾನು ನಿಲ್ಲಿಸಬೇಕು. ಸುಮ್ಮನೆ ಓಡುವ ಪ್ರಚಾರದ ವ್ಯಾನನ್ನು ಶವವಾಹನವೆಂದು ಜನ ತಪ್ಪು ತಿಳಿಯುವ ಸಂಭವವಿರುವುದರಿಂದ ದನಿಯಂತೂ ಬೇಕೇ ಬೇಕು.

"ನಾನು ಹತ್ತಲಾ?" ಎಂದಳು ಚಿಸಾತೊ. ಶಾಲೆಯಲ್ಲಿ ಹಾಜರಿ ಕೂಗಿದಾಗ ಕೈಯೆತ್ತಿ ತೋರಿಸುತ್ತಿದ್ದವಳು. ತನ್ನ ದನಿ ಕೇಳಿದರೆ ಬೀಳುವ ನಾಲ್ಕು ಮತವೂ ಬೀಳಲಾರದು ಎಂಬುದು ಅವಳ ಲೆಕ್ಕ.

"ಕುರಾಮೋಚಿ... ಕುರಾಮೋಚಿ ಯಾಸುಹೇ... ನಮಸ್ಕಾರ..." ಎಂದು ಅವಳು ಕಿವಿಯಲ್ಲಿ ಗುಟ್ಟು ಹೇಳಿದಂತೆ ಹೇಳಿದಳು. ಉಳಿದ ಎಂಟು ವ್ಯಾನುಗಳು ಊರಿನ ಹಂಚು ಹಾರುವಂತೆ ಕೂಗುತ್ತಿದ್ದುದರಿಂದ ಜನ ಕಿಟಕಿ ಭದ್ರಪಡಿಸಿ ಕೂತಿದ್ದರು. ಈಗ ಏನೋ ಪಿಸುಗುಟ್ಟುವ ವ್ಯಾನು ಬಂದಿದೆಯೆಂದು ಕಿಟಕಿ ತೆರೆದರು. ಕೇಳಿಸದೆ ಬಾಗಿಲಿಗೆ ಬಂದರು. ಆಗಲೂ ಕೇಳಿಸದೆ ವ್ಯಾನಿನ ಹಿಂದೆ ನಡೆದರು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅರವತ್ತು ಮುದುಕಿಯರು ನಡೆಯಲು ಆಸರೆಯಾಗುವ ಪುಟ್ಟ ಕೈಗಾಡಿ ತಳ್ಳಿಕೊಂಡು ಹಿಂದೆ ಬರುತ್ತಿದ್ದರು.

"ಇದೇನು ಮೆರವಣಿಗೆ?" ಎಂದಳು ಚಿಸಾತೊ ಗಾಬರಿಯಿಂದ.

"ಅಲೆ," ಎಂದರು ಹಟಾನಾಕಾ. "ಇದಕ್ಕೆ ಅಲೆ ಅಂತಾರೆ. ನಾನು ಓದಿದ್ದೆ ಅಷ್ಟೆ, ನೋಡಿರ್ಲಿಲ್ಲ."

ಚಿಸಾತೊ ಮೀನಿನ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, ಬದುಕಿನಲ್ಲಿ ಮೊದಲ ಸಲ ಭಾಷಣ ಮಾಡಿದಳು. "ನಮ್ಮಪ್ಪನಿಗೆ ಯಾವ ಯೋಜನೆಯೂ ಇಲ್ಲ. ಬಜೆಟ್ಟು ಅಂದ್ರೇನು ಅಂತಾನೂ ಗೊತ್ತಿಲ್ಲ. ಹಲಗೆ ತುಂಬೋಕೆ ನಿಂತಿದ್ದಾರೆ."

ಮುದುಕಿಯರು ಸೆರಗಿಲ್ಲದ ಕಾರಣ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು.

"ಹದಿನಾರು ವರ್ಷದಲ್ಲಿ ಯಾರಾದ್ರೂ ಹೀಗೆ ನಿಜ ಹೇಳಿದ್ರೇನೇ?" ಎಂದಳು ಒಬ್ಬಳು.

"ನಮ್ಮ ಕೇರಿಯವನು ಸುರಂಗ ಮಾಡಿಸ್ತೀನಿ ಅಂದಿದ್ದ. ಬೆಟ್ಟವೇ ಇಲ್ಲ ಅಲ್ಲಿ!" ಎಂದಳು ಇನ್ನೊಬ್ಬಳು.

ಶುಕ್ರವಾರ ಬೆಳಿಗ್ಗೆ ಉಳಿದ ಎಂಟು ಅಭ್ಯರ್ಥಿಗಳೂ ತಮ್ಮ ಪ್ರಣಾಳಿಕೆಗಳನ್ನು ತಿದ್ದಿಕೊಂಡರು. ನಿಂತಲ್ಲೆಲ್ಲ ಘೋಷಣೆಗಳು ಮೊಳಗಿದವು: "ನನಗೂ ಏನೂ ಗೊತ್ತಿಲ್ಲ! ನಿಮ್ಮ ಸೇವೆಯಲ್ಲಿ ನಾಲ್ಕು ಅವಧಿಯಿಂದ ಏನೂ ಗೊತ್ತಿಲ್ಲ!" ಎದುರಾದಾಗ ಅವರ ವ್ಯಾನುಗಳು ವಾಡಿಕೆಯಂತೆ ನಿಂತು "ಕುರಾಮೋಚಿಯವರ ಹೋರಾಟಕ್ಕೆ ಶುಭವಾಗಲಿ" ಎಂದು ಹಾರೈಸಿದವು. ಚುನಾವಣಾ ಕಚೇರಿಯು ಅಭ್ಯರ್ಥಿಗಳ ಅಜ್ಞಾನದ ವಿವರ ತುಂಬಲು ಪ್ರತ್ಯೇಕ ನಮೂನೆಯನ್ನು ಬಿಡುಗಡೆ ಮಾಡಿತು. ಯಾರಿಗೂ ವಿಶೇಷವೆನಿಸಲಿಲ್ಲ. ಮೂರು ಪ್ರತಿ ಸಲ್ಲಿಸಿದರು.

ಶನಿವಾರ ಹಯಾತೆ ಫೋನು ಮಾಡಿದ. "ಮಾವ ಸೋಲ್ತಾರೆ ತಾನೆ?"

"ಪ್ರಯತ್ನ ಮಾಡ್ತಿದೀನಿ," ಎಂದಳು ಚಿಸಾತೊ. "ನಾನು ಬಾಯಿ ತೆಗೆದ್ರೆ ನೂರು ಓಟು ಬೀಳುತ್ತೆ."

"ಮುಚ್ಕೊಂಡಿರು ಮತ್ತೆ."

"ನಿನ್ನೆ ಮುಚ್ಕೊಂಡಿದ್ದೆ. ಅದಕ್ಕೆ ಇನ್ನೂರು."

ಸಂಜೆ ಕೊನೆಯ ಸಭೆ ರೈಲು ನಿಲ್ದಾಣದ ಮುಂದೆ. ನಿಯಮದಂತೆ ಎಂಟಕ್ಕೆ ಮೈಕು ಬಂದ್ ಆಗಬೇಕು. ಆಗ ಹತ್ತು ನಿಮಿಷ ಬಾಕಿ. ಪಟ್ಟಣವಿಡೀ ಅಲ್ಲಿತ್ತು. ಎಂಟೂ ಎದುರಾಳಿಗಳು ಮುಂದಿನ ಸಾಲಿನಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಕೂತಿದ್ದರು. ಅಭ್ಯರ್ಥಿಗಳ ವಾಡಿಕೆಯ ಬಿಳಿ ಕೈಗವಸು ತೊಟ್ಟ ಅಪ್ಪ ಪೆಟ್ಟಿಗೆಯ ಮೇಲೆ ನಿಂತಿದ್ದರು. ಮಗಳ ಕಡೆ ವಾಲಿ ಮೆಲ್ಲಗೆ ಹೇಳಿದರು: "ಈಗ ಕೈ ನಡುಗ್ತಿಲ್ಲ ಕಣೇ, ಸಹಿ ಚೆನ್ನಾಗಿ ಬರ್ತಿದೆ. ಏನಾದ್ರೂ ಮಾಡಮ್ಮಾ."

ಚಿಸಾತೊ ಮೈಕು ತೆಗೆದುಕೊಂಡಳು. ಈ ಸಲ ಪಿಸುಗುಟ್ಟಲಿಲ್ಲ. ಮದುವೆ, ಹಡಗು, ಸೋಮವಾರ, ಜೂನ್ ತಿಂಗಳ ಸಭೆ, ಎಲ್ಲವನ್ನೂ ಜೋರಾಗಿಯೇ ಹೇಳಿದಳು. ಹಟಾನಾಕಾ ನಿಯಮ ಪುಸ್ತಕ ನೋಡಿ, ವ್ಯಾನು ನಿಂತಿರುವುದರಿಂದ ಇದೆಲ್ಲ ಕ್ರಮಬದ್ಧವೆಂದು ತಲೆಯಾಡಿಸಿದರು. ಆಮೇಲೆ ತಂದೆ ಮಗಳು ಇಬ್ಬರೂ ಜನರಿಗೆ ಸೊಂಟದವರೆಗೆ ಬಾಗಿದರು.

"ದಯವಿಟ್ಟು," ಎಂದಳು ಚಿಸಾತೊ, ಬಾಗಿಕೊಂಡೇ, "ನಾಳೆ ನಮ್ಮಪ್ಪನನ್ನು ಸೋಲಿಸಿಕೊಡಿ."