ಅಮೆರಿಕದ ಯುದ್ಧ ಮತ್ತು ದುಖಾನಿನ ಅಣ್ಣ

ಆ ಗುರುವಾರ ಸಂಜೆಯೂ ನನ್ನ ಅಣ್ಣ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧವಾಗದಂತೆ ತಡೆಯುವ ಕೆಲಸದಲ್ಲಿದ್ದ. ಆ ಯುದ್ಧ ಮುಗಿದು ಇನ್ನೂರು ವರ್ಷ ದಾಟಿದೆ ಎಂಬುದು ಅವನಿಗೊಂದು ಅಡ್ಡಿಯೇ ಆಗಿರಲಿಲ್ಲ. ಅವನಿದ್ದದ್ದು ಗಲ್ಫಿನ ಮರಳುಗಾಡಿನ ಊರಾದ ದುಖಾನಿನಲ್ಲಿ, ಎಣ್ಣೆ ಕಂಪನಿಯೊಂದರ ಸ್ಟೋರ್‌ಕೀಪರ್ ಆಗಿ. ಮದುವೆಯಾಗಿರಲಿಲ್ಲ. ನಾನು ಗಂಡ ಮತ್ತು ಮಗಳೊಂದಿಗೆ ಇರುವುದು ಅದೇ ದೇಶದ ರಾಜಧಾನಿಯ ಅಲ್ ಮನ್ಸೂರಾದಲ್ಲಿ. ಪ್ರತಿ ಶುಕ್ರವಾರ ಊಟಕ್ಕೆ ಅವನು ನಮ್ಮಲ್ಲಿಗೆ ಬರುತ್ತಿದ್ದ.

ಕುಕ್ಕರ್ ಎರಡನೆಯ ವಿಸಿಲ್ ಹಾಕುವಾಗ ಮೆಸೇಜ್ ಬಂತು: ‘ನಾಳೆ ಹತ್ತು ಗಂಟೆಗೆ ಬರ್ತೇನೆ. ಬಂಗುಡೆ ನಾನು ತರ್ತೇನೆ. ನೀನು ತರಬೇಡ.’ ಓದಿದೆ. ಮೂರನೆಯ ವಿಸಿಲ್ಲಿಗೆ ಫೋನ್ ಬಂತು.

“ಮುಟ್ಟಿತಾ?”

“ಎಂತದ್ದು?”

“ಮೆಸೇಜ್ ಮಾರಾಯ್ತಿ! ಬಂಗುಡೆಯದ್ದು.”

ಹೀಗೆ ಒಂದು ಬಂಗುಡೆಗೆ ಒಂದು ಮೆಸೇಜ್, ಅದು ಮುಟ್ಟಿತೇ ಎಂದು ಒಂದು ಫೋನ್, ನಾನು ಮುಟ್ಟಿತು ಎಂದದ್ದು ನಿಜವೇ ಎಂದು ನನ್ನ ಗಂಡನಿಗೆ ಇನ್ನೊಂದು ಫೋನ್. ಏಳು ವರ್ಷ ಇದನ್ನು ಸಹಿಸಿಕೊಂಡವಳಿಗೆ ಯಾರಾದರೂ ಒಂದು ಪದಕ ಕೊಡಬೇಕಲ್ಲವೇ?

ಇದೆಲ್ಲ ಶುರುವಾದದ್ದು ಒಂದು ಏಣಿಯಿಂದ. ದುಖಾನಿನ ಕ್ವಾರ್ಟರ್ಸ್‌ನಲ್ಲಿ ಯಾರೋ ಪರದೇಶದ ಎಂಜಿನಿಯರ್ ಮನೆ ಖಾಲಿ ಮಾಡುತ್ತಿದ್ದರು. ಬೇಕಾದವರು ತೆಗೆದುಕೊಳ್ಳಲಿ ಎಂದು ಸಾಮಾನುಗಳನ್ನು ಬಾಗಿಲ ಹೊರಗೆ ಇಟ್ಟಿದ್ದರು. ಅಣ್ಣ ಏಣಿ ತರಲು ಹೋದ. ಏಣಿಯ ಜೊತೆ ಒಂದು ದಪ್ಪ ಪುಸ್ತಕವನ್ನೂ ತಂದ. ಅಮೆರಿಕದ ಚರಿತ್ರೆ. ಮೊದಲಿನ ನೂರಿನ್ನೂರು ಹಾಳೆಗಳು ಇರಲೇ ಇಲ್ಲ. ಆದ್ದರಿಂದ ಅಣ್ಣನ ಪಾಲಿಗೆ ಅಮೆರಿಕ ಶುರುವಾಗುವುದೇ ಸಾವಿರದ ಎಂಟುನೂರ ಹನ್ನೆರಡನೆಯ ಇಸವಿಯಲ್ಲಿ, ಬ್ರಿಟಿಷರ ಮೇಲಿನ ಎರಡನೆಯ ಯುದ್ಧದಿಂದ!

“ಮಾಮ, ವಾಷಿಂಗ್ಟನ್ ಬಗ್ಗೆ ಗೊತ್ತಿಲ್ವಾ?” ಎಂದು ಮಗಳು ನಕ್ಕರೆ, “ಅವ ನನ್ನ ಪುಸ್ತಕಕ್ಕಿಂತ ಮೊದಲೇ ಹೋದವ” ಎನ್ನುತ್ತಿದ್ದ. ಆ ವಿಷಯ ಅಲ್ಲಿಗೆ ಖಲಾಸ್.

ನಾನು ಓದಿದ್ದು ಪಿಯುಸಿಯವರೆಗೆ. ನನ್ನ ಮಟ್ಟಿಗೆ ಯುದ್ಧವೆಂದರೆ ಐದು ಕಾರಣ, ಐದು ಪರಿಣಾಮ. ಪರೀಕ್ಷೆ ಮುಗಿದ ದಿನ ಹತ್ತನ್ನೂ ಮರೆಯುವುದು. ಅಣ್ಣ ಮರೆಯಲು ಬಿಡಬೇಕಲ್ಲ! ಶುಕ್ರವಾರದ ಊಟದ ಮೇಜೇ ಅವನ ಅಟ್ಲಾಂಟಿಕ್ ಸಾಗರ. ಉಪ್ಪಿನಕಾಯಿ ಬಾಟಲಿ ಬ್ರಿಟಿಷರ ಹಡಗು. ನನ್ನ ಗಂಡನ ತಟ್ಟೆ ಪಾಪದ ಅಮೆರಿಕದ ಹಡಗು. “ಬ್ರಿಟಿಷರಿಗೆ ಆಗ ಫ್ರಾನ್ಸಿನ ಜೊತೆ ಯುದ್ಧ. ನಾವಿಕರು ಸಾಕಾಗುವುದಿಲ್ಲ. ಎಂತ ಮಾಡ್ತಾರೆ? ಅಮೆರಿಕದ ಹಡಗನ್ನು ನಡುನೀರಿನಲ್ಲಿ ನಿಲ್ಲಿಸ್ತಾರೆ. ಇವ ನಮ್ಮವ, ಓಡಿ ಬಂದವ ಅಂತ ಹೇಳಿ ಎಳ್ಕೊಂಡು ಹೋಗ್ತಾರೆ.” ಹೀಗೆನ್ನುತ್ತ ಬಾಟಲಿಯನ್ನು ತಟ್ಟೆಗೆ ತಾಗಿಸಿ, ನನ್ನ ಗಂಡನ ಹುರಿದ ಮೀನನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ.

“ಅದು ನನ್ನ ಮೀನು ಭಾವ!”

“ಅಮೆರಿಕದವರೂ ಹಾಗೆಯೇ ಹೇಳಿದ್ದು!”

ಇನ್ನೊಂದು ಕಾರಣ ವ್ಯಾಪಾರದ್ದು. ಅಮೆರಿಕದ ಹಡಗುಗಳು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಬ್ರಿಟಿಷರು ಆಜ್ಞೆ ಹೊರಡಿಸಿದ್ದರು. ಆ ಆಜ್ಞೆಯನ್ನು ಹಿಂದೆಗೆಯುತ್ತೇವೆಂದು ಲಂಡನ್ನಿನಲ್ಲಿ ಹೇಳಿ ಎರಡೇ ದಿನಕ್ಕೆ ಅತ್ತ ಅಮೆರಿಕ ಯುದ್ಧ ಸಾರಿತು. ಸುದ್ದಿ ಇನ್ನೂ ಸಮುದ್ರದಲ್ಲಿತ್ತು! ಇಲ್ಲಿಗೆ ಬಂದಾಗ ಅಣ್ಣ ಮೇಜು ಗುದ್ದುತ್ತಿದ್ದ. “ಒಂದು ಸುದ್ದಿ ಮುಟ್ಟಲಿಲ್ಲ, ಅಷ್ಟೇ! ಒಬ್ಬನೇ ಒಬ್ಬ, ಮುಟ್ಟಿತಾ ಅಂತ ಕೇಳ್ಲಿಲ್ಲ!”

“ಸುದ್ದಿ ಮುಟ್ಟಿದ್ದರೂ ಯುದ್ಧ ಆಗ್ತಿತ್ತು ಭಾವ,” ಎಂದರು ನನ್ನ ಗಂಡ, ಖಾಲಿ ತಟ್ಟೆ ನೋಡುತ್ತ. “ಮೀನು ವಾಪಸ್ ಕೊಡ್ಲಿಲ್ಲವಲ್ಲ!”

ಯುದ್ಧ ಮುಗಿದದ್ದೂ ಅದೇ ಚಂದಕ್ಕೆ. ಯುರೋಪಿನಲ್ಲಿ ಎರಡೂ ಕಡೆಯವರು ಕೂತು ಸಂಧಿಗೆ ಸಹಿ ಹಾಕಿದರು. ಸುದ್ದಿ ಮುಟ್ಟದೆ ಎರಡು ವಾರದ ಮೇಲೆ ಅಮೆರಿಕದಲ್ಲಿ ದೊಡ್ಡ ಕಾಳಗವಾಗಿ ನೂರಾರು ಜನ ಸತ್ತರು. ಮಗಳು ಮೊಬೈಲಿನಲ್ಲಿ ಹುಡುಕಿ ಹೇಳಿದಳು: “ಮಾಮ, ಸೈನ್ ಮಾಡಿದ್ರೂ ಫಿನಿಶ್ ಆಗಿರ್ಲಿಲ್ಲ. ಬೋತ್ ಸೈಡ್ಸ್ ಒಪ್ಪಿದ ಮೇಲೆಯೇ ವಾರ್ ಓವರ್.” ಅಣ್ಣನಿಗೆ ಬೇಸರವಾಗಬೇಕಿತ್ತು. ಅವನು ಕುರ್ಚಿಯಿಂದಲೇ ಎದ್ದ! “ನೋಡು! ನಾನು ಹೇಳುವುದೂ ಅದನ್ನೇ! ಕಳಿಸಿದರೆ ಆಗ್ಲಿಲ್ಲ. ಆ ಕಡೆಯಿಂದ ‘ಮುಟ್ಟಿತು’ ಅಂತ ಬರಬೇಕು. ಅಲ್ಲಿವರೆಗೆ ಎಂತದ್ದೂ ಮುಗಿಯುವುದಿಲ್ಲ.”

ನಾವು ಮೆಸೇಜ್ ಓದಿದರೆ ಅವನ ಫೋನಿನಲ್ಲಿ ಎರಡು ನೀಲಿ ಗೆರೆ ಬರುತ್ತದೆಂದು ಮಗಳು ಅವನಿಗೆ ಎಷ್ಟು ಸಲ ತೋರಿಸಿದಳೋ! “ಗೆರೆ ಬಾಯಿ ಬಿಟ್ಟು ಹೇಳ್ತದಾ?” ಎನ್ನುತ್ತಿದ್ದ.

ಮಗಳ ಹುಟ್ಟುಹಬ್ಬಕ್ಕೆ ಕೇಕ್ ಹೇಳುವ ಕೆಲಸವನ್ನು ಯಾವ ಗಳಿಗೆಯಲ್ಲಿ ಅವನಿಗೆ ಒಪ್ಪಿಸಿದೆನೋ. ಬೇಕರಿಗೆ ಮೆಸೇಜ್ ಮಾಡಿದ. ಮುಟ್ಟಿತಾ ಎಂದು ಫೋನಿನಲ್ಲಿ ಪೂರ್ತಿ ಆರ್ಡರ್ ಮತ್ತೆ ಓದಿ ಹೇಳಿದ. ಸಾಲದ್ದಕ್ಕೆ ಖುದ್ದು ಹೋಗಿ ಬರೆಸಿ ಬಂದ. ಸಂಜೆ ಮೂರು ಕೇಕ್ ಬಂದವು! ಮೂರರ ಮೇಲೂ ಮಗಳ ಹೆಸರು. ಮಹಡಿಯ ಎಲ್ಲ ಮನೆಗಳಿಗೆ ಹಂಚಿದರೂ ಮುಗಿಯಲಿಲ್ಲ. ನಾನು ಹಲ್ಲು ಕಡಿಯುತ್ತಿದ್ದರೆ ಅಣ್ಣ ಮಾತ್ರ ಪ್ರಸನ್ನನಾಗಿದ್ದ. “ಮುಟ್ಟದೆ ಇರುವುದಕ್ಕಿಂತ ಮೂರು ಸಲ ಮುಟ್ಟಿದ್ದು ಒಳ್ಳೆಯದಲ್ವಾ?”

ಇದಕ್ಕಿಂತ ಮೇಲೆ ಇನ್ನೊಂದಿದೆ. ಒಂದು ದಿನ ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಹೊರಗೆ ಧೂಳಿನ ಗಾಳಿ. ಎದುರಿನ ಕಟ್ಟಡ ಕೂಡ ಕಾಣುತ್ತಿರಲಿಲ್ಲ. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಅಣ್ಣ! ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬಿಳಿ. ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಕಾಣುತ್ತಿದ್ದ. ದುಖಾನಿನಿಂದ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬಂದಿದ್ದ.

“ಎಂತ ಆಯ್ತು ಅಣ್ಣ?”

“ಮೆಸೇಜ್ ಮುಟ್ಟಿತಾ?”

“ಯಾವ ಮೆಸೇಜ್?”

“ಧೂಳಿನ ಗಾಳಿ ಉಂಟು, ಯಾರೂ ಹೊರಗೆ ಹೋಗಬೇಡಿ ಅಂತ!”

ನೀರು ಕೊಟ್ಟೆ. ಕುಡಿದು, ಮುಟ್ಟಿದ್ದು ಖಾತ್ರಿಯಾಯಿತೆಂದು ಮತ್ತೆ ಅದೇ ಗಾಳಿಗೆ ಹೊರಟ. ನನ್ನ ಗಂಡ ಕಾರಿನ ಕೀಲಿ ಕಸಿದುಕೊಂಡು ಕೂರಿಸಬೇಕಾಯಿತು.

ಈಗ ಆ ಗುರುವಾರಕ್ಕೆ ಬರುತ್ತೇನೆ. ಅವತ್ತು ನನಗೆ ತಲೆನೋವು. ಬಂಗುಡೆಯ ಬಗ್ಗೆ ಗಂಡನನ್ನೂ ವಿಚಾರಿಸಿಯಾದ ಮೇಲೆ ನನಗೇ ಇನ್ನೊಂದು ಸಲ ಫೋನ್ ಬಂತು. ಹತ್ತು ಗಂಟೆ ಎಂದದ್ದು ಬೆಳಗಿನ ಹತ್ತು ಎಂದು ನನಗೆ ಗೊತ್ತಾಗಿದೆಯೇ ಎಂಬ ಅನುಮಾನ! ನಾನು ರೇಗಿದೆ.

“ಅಣ್ಣ, ನಾನೆಂತ ಅಮೆರಿಕವಾ? ಇನ್ನೊಂದು ಸಲ ಮುಟ್ಟಿತಾ ಅಂತ ಕೇಳಿದರೆ ನಾನು ನಿನ್ನ ಫೋನೇ ತೆಗೆಯುವುದಿಲ್ಲ. ಸಾಕಾಗಿ ಹೋಗಿದೆ ನನಗೆ.”

“ಅಷ್ಟು ಕಿರಿಕಿರಿ ಆಗ್ತದಾ?” ಎಂದ.

“ಆಗ್ತದೆ.”

ಫೋನ್ ಇಟ್ಟ. ಅರ್ಧ ಗಂಟೆಯ ಮೇಲೆ ಮೆಸೇಜ್ ಬಂತು: ‘ಆಯ್ತು ತಂಗಿ. ಇನ್ನು ಕೇಳುವುದಿಲ್ಲ. ಸಿಟ್ಟು ಬಿಡು. ನಾಳೆ ಹತ್ತಕ್ಕೆ.’

ಓದಿ ನಕ್ಕೆ. ಸಿಟ್ಟು ಆಗಲೇ ಇಳಿದಿತ್ತು. ಏಳು ವರ್ಷದಲ್ಲಿ ಮೊದಲ ಬಾರಿ ಗೆದ್ದಿದ್ದೆ! ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಎಷ್ಟು ಹೊತ್ತು ತಡೆಯುತ್ತಾನೆ ನೋಡೋಣ, ಹತ್ತು ನಿಮಿಷಕ್ಕೆ ಫೋನ್ ಬಂದೇ ಬರುತ್ತದೆ ಎಂದು ಗಂಡನ ಹತ್ತಿರ ಪಂಥ ಕಟ್ಟಿದೆ. ಪಂಥ ಸೋತೆ. ಅಣ್ಣ ತಡೆದುಕೊಂಡ.

ಬೆಳಿಗ್ಗೆ ಎಂಟು ಗಂಟೆಗೆ ಅವನ ನಂಬರಿನಿಂದ ಫೋನ್ ಬಂತು. “ಈಗ ತಡೆಯಲಿಕ್ಕೆ ಆಗಲಿಲ್ಲ ಅಲ್ವಾ?” ಎನ್ನುತ್ತಲೇ ಎತ್ತಿದೆ. ಮಾತನಾಡಿದವರು ಅವನ ಜೊತೆ ಸ್ಟೋರಿನಲ್ಲಿ ಕೆಲಸ ಮಾಡುವ ಮಲಯಾಳಿ. ಅಣ್ಣ ಬೇಗ ಎದ್ದು ಮೀನು ತಂದು, ಐಸ್ ಹಾಕಿದ ಡಬ್ಬಿಯನ್ನು ಕಾರಿನಲ್ಲಿಟ್ಟಿದ್ದನಂತೆ. ಸ್ಟೀರಿಂಗಿನ ಮುಂದೆ ಕೂತವನು ಹಾಗೆಯೇ ಒರಗಿದನಂತೆ. ಅವನ ಹೃದಯ ನಿಂತಿತ್ತು. “ಚೇಚಿ, ಕೇಳಿಸ್ತಾ ಇದೆಯಾ? ಚೇಚಿ?” ಎಂದು ಅವರು ಕೇಳುತ್ತಲೇ ಇದ್ದರು. ಆ ಸುದ್ದಿಯೊಂದು ಎಲ್ಲೂ ತಡವಾಗಲಿಲ್ಲ.

ಅವನ ಸಾಮಾನುಗಳ ಜೊತೆ ಫೋನನ್ನೂ ನನಗೇ ಕೊಟ್ಟರು. ಅಂಗಡಿಗೆ ಒಯ್ದು ಬೀಗ ತೆಗೆಸಿದೆವು. ಆ ಕೊನೆಯ ಮೆಸೇಜ್ ಅದರಲ್ಲಿದೆ. ಪಕ್ಕದಲ್ಲಿ ಎರಡು ನೀಲಿ ಗೆರೆಗಳಿವೆ. ಅವನು ಅವನ್ನು ನಂಬುತ್ತಿರಲಿಲ್ಲ.

ಅದು ನನಗೆ ಮುಟ್ಟಿತ್ತು. ಅವನಿಗೆ ನಾನು ಹೇಳಿಲ್ಲ.